ಒಂದೋ ಎರಡೋ

ಸಿಇಟಿ ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ನನಗೆ ಸಿಕ್ಕಿದ್ದು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಎಲೆಕ್ಟ್ರಾನಿಕ್ಸ್. 1960ರಿಂದ ಇರುವ ಕಾಲೇಜು, ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ನಾನು ಕೊಟ್ಟ ಕಾಲೇಜುಗಳ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಹಾಕಿದ್ದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ಶುರುವಾದದ್ದು. ಕೆ.ಆರ್. ಸರ್ಕಲ್‌ನಲ್ಲೇ ಇದೆ.

ಈಗ ಒಂದನೇ ಆಯ್ಕೆ ಒತ್ತಿದರೆ ಹಾಸನ ಖಾಯಂ. ಎರಡನೆಯದು ಒತ್ತಿದರೆ ಹಾಸನದ ಸೀಟು ಸದ್ಯಕ್ಕೆ ಕೈಯಲ್ಲಿರುತ್ತದೆ, ಮುಂದಿನ ಸುತ್ತಿನಲ್ಲಿ ಬೆಂಗಳೂರು ಸಿಕ್ಕರೆ ತಾನಾಗಿಯೇ ಹೋಗುತ್ತದೆ. ಆಮೇಲೆ ವಾಪಸ್ ಕೊಡಿ ಅಂದರೆ ಕೊಡುವುದಿಲ್ಲ.

ಸಕಲೇಶಪುರದ ಹತ್ತಿರ ನಮ್ಮ ಊರು. ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಪ್ಪನ ಜೊತೆ ಪೇಟೆಯ ಸೈಬರ್ ಅಂಗಡಿಗೆ ಹೋದೆ. ಬಸ್ಸಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ನಿಂಗೆ ಯಾವ್ದು ಇಷ್ಟನೋ ಅದು ಹಾಕಮ್ಮ." ಇದಕ್ಕಿಂತ ಬೈದಿದ್ದರೇ ಸುಲಭವಾಗಿತ್ತು. ಬೆಂಗಳೂರಿನ ಚಿಕ್ಕಪ್ಪ ಫೋನಿನಲ್ಲಿ "ಕಂಪನಿಗಳೆಲ್ಲ ಇಲ್ಲೇ ಇರೋದು ಕಣಮ್ಮ" ಅಂದಿದ್ದರು. ಅಜ್ಜಿಗೆ ಕಂಪನಿ ಬೇಕಿರಲಿಲ್ಲ. "ಹಾಸನ ಆದ್ರೆ ಶನಿವಾರ ಶನಿವಾರ ಬರ್ತೀಯ, ಅಲ್ವಾ?"

ಬರಬಹುದು. ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ನನಗೆ ಕಷ್ಟ ಇದ್ದದ್ದೂ ಅಲ್ಲೇ. ನವೆಂಬರ್‌ನಿಂದ ಜನವರಿವರೆಗೆ ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು. ಸಂಜೆ ಕಣದಲ್ಲಿ ಆಳುಗಳು ಒಬ್ಬೊಬ್ಬರು ಕೊಯ್ದ ಹಣ್ಣನ್ನೂ ತೂಕ ಹಾಕಿ ಹೆಸರಿನ ಮುಂದೆ ಕೆ.ಜಿ. ಬರೆಯಬೇಕು. ಹೈಸ್ಕೂಲಿನಿಂದ ಆ ಪುಸ್ತಕ ನನ್ನದು. ಪರೀಕ್ಷೆ ಇರಲಿ, ಜ್ವರ ಇರಲಿ, ಸಂಜೆಯಾದರೆ ಪುಸ್ತಕ ಹಿಡಿದು ನಿಲ್ಲಬೇಕು. ಹಾಸನದಲ್ಲಿದ್ದರೆ ಒಂದು ಫೋನ್ ಮಾಡಿ ಕರೆಸುತ್ತಾರೆ. ಬೆಂಗಳೂರಿನಲ್ಲಿದ್ದರೆ ಕರೆಯುವುದಿಲ್ಲ. ಯುವಿಸಿಇ ಮೇಲೆ ನನಗಿದ್ದ ಆಸೆಯಲ್ಲಿ ಅರ್ಧ ಈ ಪುಸ್ತಕದಿಂದ ತಪ್ಪಿಸಿಕೊಳ್ಳುವ ಆಸೆ. ಹಾಗಾದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಮುಗಿಯಿತಲ್ಲ, ಅದಕ್ಕೋಸ್ಕರ ಬೆಂಗಳೂರು ಯಾಕೆ ಅನ್ನಿಸಿತು.

"ಏನಮ್ಮಾ, ಒಂದೋ ಎರಡೋ? ಹಿಂದೆ ಜನ ನಿಂತಿದಾರೆ," ಅಂದರು ಅಂಗಡಿಯವರು.

"ಅಪ್ಪಾ, ಹಾಸನಕ್ಕೇ ಹೋಗ್ತೀನಿ. ಆದ್ರೆ ಹಾಸ್ಟೆಲ್‌ನಲ್ಲಿ ಇರ್ತೀನಿ. ಕೊಯ್ಲು ಅಂತ ವಾರದ ಮಧ್ಯೆ ಕರೀಬೇಡಿ."

ಅಪ್ಪ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಇಷ್ಟು ದಿನ ಹೇಳ್ಲೇ ಇಲ್ವಲ್ಲೇ," ಅಂದರು. ಕೋಪ ಇರಲಿಲ್ಲ, ಆಶ್ಚರ್ಯ. "ಶನಿವಾರ?"

"ಶನಿವಾರ ಬರ್ತೀನಿ."

ಒಂದು ಅಂತಲೇ ಒತ್ತಿಸಿದೆ. ಚಿಕ್ಕಪ್ಪನಿಗೆ ಇವತ್ತಿಗೂ ಸಿಟ್ಟಿದೆ. ಸಿಗುತ್ತಿದ್ದ ಬೆಂಗಳೂರು ಬಿಟ್ಟಳು ಅಂತ ಮದುವೆ ಮನೆಗಳಲ್ಲೂ ಹೇಳುತ್ತಾರೆ. ಸಿಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಮೊದಲ ವರ್ಷದ ಕೊಯ್ಲಿನಲ್ಲೇ ಒಂದು ಬುಧವಾರ ಮನೆಯಿಂದ ಫೋನ್ ಬಂತು. ನಾನು ಹೋಗಲಿಲ್ಲ. ಪುಸ್ತಕ ತಮ್ಮನ ಕೈಗೆ ಹೋಯಿತು. ಅವನು ಬರೆಯುವ ಆರು ಸೊನ್ನೆಯ ಹಾಗೆಯೇ ಇರುತ್ತದೆ. ಆ ಶನಿವಾರ ನಾನು ಮನೆ ಸೇರುವಷ್ಟರಲ್ಲಿ, ನಂದು ಅರವತ್ತಾರು ಕೆ.ಜಿ., ಅರವತ್ತು ಅಲ್ಲ ಅಂತ ಒಬ್ಬರು ಕಣದಲ್ಲೇ ಕೂತಿದ್ದರು.