ಆಜ್ಞೆ ಪಾಲಿಸುವವರಿಗೆ ಸ್ವಂತ ವಿವೇಚನೆ ಉಳಿಯುತ್ತದೆಯೇ?

ಮಕ್ಕಳನ್ನು ಸೇನೆಗೆ ಸೇರಿಸಲು ಹೊರಟ ತಂದೆತಾಯಂದಿರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕೂತರೆ ನಿಂತರೆ ಆಜ್ಞೆ ಪಾಲಿಸುತ್ತಾ ಬೆಳೆದ ಹುಡುಗರಿಗೆ ಸರಿತಪ್ಪುಗಳನ್ನು ತಾವೇ ತೂಗಿ ನೋಡುವ ಶಕ್ತಿ ಉಳಿಯುತ್ತದೆಯೇ?

ಆಜ್ಞೆಯ ವಿಷಯ ಅಷ್ಟೇನೂ ತೊಡಕಿನದಲ್ಲ. 1950ರ ಸೇನಾ ಕಾಯಿದೆಯ 41ನೆಯ ಕಲಮು ದಂಡಿಸುವುದು ಕಾನೂನುಬದ್ಧವಾದ ಆಜ್ಞೆಯನ್ನು ಮೀರಿದವರನ್ನು. ‘ಕಾನೂನುಬದ್ಧ’ ಎಂಬ ಆ ವಿಶೇಷಣದ ಅರ್ಥವನ್ನು ಒಂದು ತರಗತಿಯಲ್ಲಿ ತಿಳಿಸಿಕೊಡಬಹುದು. ನಿಜವಾದ ತೊಡಕಿರುವುದು ಗೆಳೆತನದಲ್ಲಿ.

ನನ್ನ ಸೇನಾ ತರಬೇತಿಯ ಮೊದಲ ವರ್ಷ ಒಂದು ರಾತ್ರಿ ಹಾಜರಿಯ ಹೊತ್ತಿಗೆ ನನ್ನ ಪಕ್ಕದ ಕೋಣೆಯವನು ಇರಲಿಲ್ಲ. ಅವನ ಹೆಸರು ಕೂಗಿದಾಗ ಹಿಂದಿನ ಸಾಲಿನಿಂದ ದನಿ ಬದಲಿಸಿ ಓಗೊಟ್ಟವನು ನಾನೇ. ಸಿಕ್ಕಿಬಿದ್ದೆವು. ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ, ಇಡೀ ಬ್ಯಾಚಿಗೆ ಬಿತ್ತು. ಜಲ್ಲಿಯ ಮೇಲೆ ಉರುಳಿ ಉರುಳಿ ತರಚಿದ ಮೊಣಕೈಗೆ ಅಂಗಿಯ ತೋಳು ಅಂಟಿಕೊಂಡಿತ್ತು. ಆದರೂ ನನಗೆ ಅಂದು ಆದದ್ದು ನಾಚಿಕೆಯಲ್ಲ, ಹೆಮ್ಮೆ.

ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ಗುರುತಿಸಿದ ನೈತಿಕ ವಿವೇಚನೆಯ ಆರು ಹಂತಗಳಲ್ಲಿ ಶಿಕ್ಷೆಯ ಭಯ ಮೊದಲನೆಯದು, ನಮ್ಮವರ ಮೆಚ್ಚುಗೆಯ ಹಂಬಲ ಮೂರನೆಯದು. ಗುಂಪಿಗೆಲ್ಲ ಶಿಕ್ಷೆ ಕೊಡುವ ಪದ್ಧತಿ ಹುಡುಗರನ್ನು ಮೊದಲ ಹಂತದಿಂದ ಮೂರನೆಯದಕ್ಕೆ ಬೇಗ ಏರಿಸುತ್ತದೆ, ಆದರೆ ಅಲ್ಲೇ ಕೂರಿಸಿಯೂ ಬಿಡುತ್ತದೆ ಎಂಬುದು ನನ್ನ ಅನಿಸಿಕೆ. ಸುಳ್ಳು, ಮೋಸ, ಕಳ್ಳತನಗಳನ್ನು ನಿಷೇಧಿಸುವ ಗೌರವ ಸಂಹಿತೆಗೆ ಹೆಸರಾದ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲೇ 1951ರಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ಹಂಚಿಕೊಂಡ ಪ್ರಕರಣದಲ್ಲಿ ಸುಮಾರು 90 ಕೆಡೆಟ್‌ಗಳು ಹೊರಬಿದ್ದರು. ಅವರಲ್ಲಿ ಫುಟ್‌ಬಾಲ್ ತಂಡದವರೂ ಬಹಳ ಮಂದಿ ಇದ್ದರು.

1932ರಲ್ಲಿ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯನ್ನು ಉದ್ಘಾಟಿಸುತ್ತಾ ಅಂದಿನ ಮಹಾದಂಡನಾಯಕ ಚೆಟ್ವುಡ್ ಆಡಿದ ಮಾತು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಮೊದಲು ದೇಶ, ಆಮೇಲೆ ನಿನ್ನ ಕೈಕೆಳಗಿನ ಯೋಧರು, ಕಟ್ಟಕಡೆಗೆ ನೀನು. ಎರಡನೆಯ ಸಾಲಿನಲ್ಲಿರುವುದು ನನ್ನ ಬ್ಯಾಚಿನ ಗೆಳೆಯರೇ ಎಂದು ನಾನು ಬಹುಕಾಲ ಅಂದುಕೊಂಡಿದ್ದೆ! ಕೈಕೆಳಗಿನವರೆಂದರೆ ಯಾರೆಂದು ತಿಳಿದದ್ದು ಕೊನೆಯ ಅವಧಿಯಲ್ಲಿ, ಕಿರಿಯರ ಹೊಣೆ ಹೆಗಲಿಗೆ ಬಿದ್ದಾಗ. ಫೈರಿಂಗ್ ರೇಂಜಿನಲ್ಲಿ ಗುಂಡು ಹಾರಿಸಿ ಮುಗಿದ ಮೇಲೆ, ತನ್ನ ಬಳಿ ಜೀವಂತ ಗುಂಡಾಗಲಿ ಖಾಲಿ ಖೋಕಾ (ಹಾರಿದ ಗುಂಡಿನ ಕವಚ) ಆಗಲಿ ಉಳಿದಿಲ್ಲವೆಂದು ಪ್ರತಿಯೊಬ್ಬನೂ ಬಾಯಿಬಿಟ್ಟು ಹೇಳಬೇಕು. ಆ ಮಾತನ್ನು ನಂಬಿ ಅವರನ್ನು ಬ್ಯಾರಕ್ಕಿಗೆ ನಡೆಸಿಕೊಂಡು ಹೋಗಬೇಕಾದವನು ನಾನಾದಾಗ, ಸುಳ್ಳಿನ ತೂಕವೇ ಬೇರೆಯಾಗಿ ಕಂಡಿತು.

ಹಾಗಾಗಿ ನನ್ನ ಉತ್ತರ: ವಿವೇಚನೆ ಉಳಿಯುತ್ತದೆ, ಬೆಳೆಯುತ್ತದೆ ಕೂಡ, ಆದರೆ ಉಪನ್ಯಾಸಕ್ಕಿಂತ ಹೊಣೆಗಾರಿಕೆಯಿಂದ, ಅದೂ ಎಲ್ಲರಲ್ಲಿ ಒಂದೇ ಸಮನಾಗಿ ಅಲ್ಲ.

ಆ ಅವಧಿಯಲ್ಲೇ ಒಂದು ರಾತ್ರಿ ನಾನು ಹಾಜರಿ ಕೂಗುತ್ತಿದ್ದಾಗ ಹಿಂದಿನ ಸಾಲಿನಿಂದ ಬದಲಿಸಿದ ದನಿಯೊಂದು ಬಂತು. ಆ ದನಿಯ ಗುಟ್ಟು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಹುಡುಗನನ್ನು ಮುಂದೆ ಕರೆದು, ಇಲ್ಲದವನು ಎಲ್ಲಿದ್ದಾನೆ ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದ. ಉಳಿದವರನ್ನು ಮಲಗಲು ಕಳುಹಿಸಿ, ಇಬ್ಬರ ಹೆಸರನ್ನೂ ಬರೆದುಕೊಂಡೆ. ನಾನು ಅಲ್ಲಿಂದ ಹೊರಡುವವರೆಗೂ ಆ ಹುಡುಗ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ.