ತಿಂಗಳು ಹೆಚ್ಚಾಯಿತು, ಗಡುವು ಹೆಚ್ಚಲಿಲ್ಲ

ಇಂದಿನ ಇರಾಕಿನಲ್ಲಿದ್ದ ಬ್ಯಾಬಿಲೋನಿನ ರಾಜ ಹಮ್ಮುರಾಬಿ ಲಾರ್ಸಾ ಪಟ್ಟಣದ ಕಡೆಯ ತನ್ನ ಅಧಿಕಾರಿ ಸಿನ್-ಇದ್ದಿನಮ್‌ಗೆ ಬರೆಸಿದ ಒಂದು ಪತ್ರ ಇವತ್ತಿಗೂ ಉಳಿದಿದೆ. ಮಣ್ಣಿನ ಹಲಗೆಯ ಮೇಲೆ ಗೀರಿದ್ದು. ಹಮ್ಮುರಾಬಿ ಆಳಿದ್ದು ಕ್ರಿ.ಪೂ. 1792ರಿಂದ 1750ರವರೆಗೆ. ಪತ್ರದ ಸಾರ ಇಷ್ಟೇ: ಈ ವರ್ಷ ಕೊರತೆ ಬಿದ್ದಿದೆ, ಮುಂದಿನ ತಿಂಗಳನ್ನು 'ಎರಡನೇ ಉಲೂಲು' ಎಂದು ಬರೆದುಕೊಳ್ಳಿ. ತಶ್ರೀತು ತಿಂಗಳ 25ಕ್ಕೆ ಬ್ಯಾಬಿಲೋನಿಗೆ ಬರಬೇಕಿದ್ದ ತೆರಿಗೆ ಎರಡನೇ ಉಲೂಲುವಿನ 25ಕ್ಕೇ ಬಂದು ಮುಟ್ಟಲಿ.

ಉಲೂಲು ಮುಗಿದ ಮೇಲೆ ತಶ್ರೀತು ಬರಬೇಕು. ನಡುವೆ ಒಂದು ತಿಂಗಳು ತುರುಕಿದರೆ ತಶ್ರೀತು ಮುಂದಕ್ಕೆ ಹೋಗುತ್ತದೆ. ಅದರ ಜೊತೆಗೆ ತೆರಿಗೆಯ ಗಡುವೂ ಮುಂದಕ್ಕೆ ಹೋಯಿತು ಎಂದು ಯಾರಾದರೂ ಖುಷಿಪಟ್ಟರೆ? ರಾಜ ಆ ಬಾಗಿಲನ್ನು ಮೊದಲೇ ಮುಚ್ಚಿದ್ದಾನೆ.

ನಾನು ಧಾರವಾಡದಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಜಿಎಸ್‌ಟಿ, ಟಿಡಿಎಸ್, ಮಾರ್ಚ್ ಕೊನೆ, ಇದೇ ನನ್ನ ಪಂಚಾಂಗ. "ಮೇಡಂ, ಡೇಟ್ ಮುಂದಕ್ಕೆ ಹಾಕ್ತಾರಂತೆ, ಹೌದಾ?" ಎಂದು ಕೇಳುವ ಪಾರ್ಟಿಗಳು ನನಗೆ ಪ್ರತಿ ವರ್ಷ ಸಿಗುತ್ತಾರೆ. ಸಿನ್-ಇದ್ದಿನಮ್‌ಗೂ ಸಿಕ್ಕಿರಲೇಬೇಕು. ಇಲ್ಲದಿದ್ದರೆ ರಾಜ ತಾರೀಖು ಸಮೇತ ಯಾಕೆ ಬರೆಸುತ್ತಿದ್ದ?

ಕೊರತೆ ಬಿದ್ದದ್ದು ಹೇಗೆ ಅಂದರೆ, ಅವರ ತಿಂಗಳು ಚಂದ್ರನದ್ದು. ಸಂಜೆ ಪಡುವಣದಲ್ಲಿ ಮೊದಲ ಎಳೆ ಚಂದ್ರ ಕಂಡರೆ ಹೊಸ ತಿಂಗಳು. ಅಂಥ ಹನ್ನೆರಡು ತಿಂಗಳು ಸೇರಿದರೆ 354 ದಿನ. ಆದರೆ ಬಾರ್ಲಿ ಬೆಳೆಗೆ ಚಂದ್ರನ ಹಂಗಿಲ್ಲ, ಅದು ಬಿಸಿಲು ನೋಡಿ ಮಾಗುತ್ತದೆ. ವರ್ಷಕ್ಕೆ 11 ದಿನ ಹಿಂದೆ ಬೀಳುತ್ತಾ ಹೋದರೆ ಮೂರೇ ವರ್ಷಕ್ಕೆ ಒಂದು ತಿಂಗಳು ಎಡವಟ್ಟು. ಸುಗ್ಗಿ ತಿಂಗಳು ಬಂತು ಎಂದು ದಫ್ತರ ಹೇಳುತ್ತದೆ, ಹೊಲದಲ್ಲಿ ತೆನೆ ಇನ್ನೂ ಹಸಿರು. ಅದಕ್ಕೇ ಆಗಾಗ ಒಂದು ತಿಂಗಳು ಸೇರಿಸುತ್ತಿದ್ದರು.

ಹಳೆಯ ಕಾಲದ ಕ್ಯಾಲೆಂಡರ್ ಎಂದರೆ ಎಲ್ಲರೂ ನಕ್ಷತ್ರ ನೋಡುವ ಪುರೋಹಿತರನ್ನೇ ಹೊಗಳುತ್ತಾರೆ. ನನಗೆ ಗುಮಾಸ್ತರ ಮೇಲೆ ಜಾಸ್ತಿ ಪ್ರೀತಿ. ಹಮ್ಮುರಾಬಿಗಿಂತ ಸುಮಾರು 300 ವರ್ಷ ಹಿಂದೆ, ಉರ್ ಪಟ್ಟಣದ ರಾಜರ ಕಾಲದಲ್ಲಿ, ಕೆಲಸದವರಿಗೆ ತಿಂಗಳ ಲೆಕ್ಕದಲ್ಲಿ ಬಾರ್ಲಿ ಅಳೆದು ಕೊಡುತ್ತಿದ್ದರು. ನಿಜವಾದ ತಿಂಗಳಿಗೆ ಒಮ್ಮೆ 29 ದಿನ, ಒಮ್ಮೆ 30. ಖಾತೆಯಲ್ಲಿ ಮಾತ್ರ ಎಲ್ಲ ತಿಂಗಳಿಗೂ 30 ಎಂದು ಹಿಡಿಯುತ್ತಿದ್ದರು, ಗುಣಾಕಾರ ಸಲೀಸು. ಅಧಿಕ ತಿಂಗಳು ಬಂದ ವರ್ಷದ ಲೆಕ್ಕದಲ್ಲಿ "13 ತಿಂಗಳು, ಅದರಲ್ಲಿ ಅಧಿಕ ತಿಂಗಳು ಒಂದು ಸೇರಿದೆ" ಎಂಬ ಷರಾ ಇರುತ್ತದೆ. ಈ ಷರಾ ನೋಡಿ ನನಗೆ ಆದ ಸಂತೋಷ ಲೆಕ್ಕ ಬರೆಯುವವರಿಗಷ್ಟೇ ಗೊತ್ತಾದೀತು. ನಾಳೆ ಯಾರೋ ಬಂದು "ಹನ್ನೆರಡರ ಬದಲು ಹದಿಮೂರು ಯಾಕೆ?" ಎಂದು ಕೇಳುತ್ತಾರೆ, ಉತ್ತರ ಅಲ್ಲೇ ಇರಲಿ ಎನ್ನುವ ಎಚ್ಚರ ಅದು.

ಆಮೇಲಿನ ಅಸೀರಿಯಾದ ರಾಜರ ಕಾಲಕ್ಕೆ, ಅಂದರೆ ಕ್ರಿ.ಪೂ. 7ನೇ ಶತಮಾನಕ್ಕೆ, ಊರೂರಿನ ಪಂಡಿತರು ರಾಜಧಾನಿ ನಿನೆವೆಯ ಅರಮನೆಗೆ ವರದಿ ಕಳಿಸುತ್ತಿದ್ದರು. ಈಗ ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಎಷ್ಟೋ ವರದಿಗಳು ಬರೀ ಒಂದೆರಡು ಸಾಲು. 29ರ ಸಂಜೆ ಕಾದೆವು, ಮೋಡ ಇತ್ತು, ಚಂದ್ರ ಕಾಣಲಿಲ್ಲ. ರಂಜಾನ್ ಕೊನೆಗೆ ನಮ್ಮ ಓಣಿಯಲ್ಲಿ ಮಾಳಿಗೆ ಹತ್ತಿ ನೋಡುತ್ತಾರಲ್ಲ, ಅದೇ ಕೆಲಸ. ಬಲಾಸಿ ಎಂಬ ಪಂಡಿತ ಒಮ್ಮೆ ರಾಜನಿಗೆ, ಆಕಾಶದ ನಕ್ಷತ್ರಗಳೆಲ್ಲ ಹಿಂದೆ ಬಿದ್ದಿವೆ, ಒಂದು ತಿಂಗಳು ಸೇರಿಸಿ ಎಂದು ಬರೆದಿದ್ದಾನೆ. ಹಿಂದೆ ಬಿದ್ದದ್ದು ನಕ್ಷತ್ರಗಳಂತೆ, ಸರ್ಕಾರಿ ಕ್ಯಾಲೆಂಡರ್ ಅಲ್ಲ!

ಯಾವಾಗ ಸೇರಿಸಬೇಕು ಎನ್ನುವುದಕ್ಕೆ ಅವರ ಬಳಿ ಒಂದು ಚೆಂದದ ಸೂತ್ರವೂ ಇತ್ತು. ವರ್ಷದ ಮೊದಲ ತಿಂಗಳು ನಿಸಾನ್ನು. ಅದರ 1ನೇ ದಿನ ಚಂದ್ರ ಕೃತ್ತಿಕೆಯ ಜೊತೆ ಕಂಡರೆ ವರ್ಷ ಸರಿಯಾಗಿದೆ. 3ನೇ ದಿನ ಕಂಡರೆ ಈ ವರ್ಷ ಒಂದು ತಿಂಗಳು ಹೆಚ್ಚು. ಉಪಕರಣ ಬೇಡ, ಕಣ್ಣು ಸಾಕು.

ಶತಮಾನಗಟ್ಟಲೆ ಹೀಗೆ ನೋಡಿ ನೋಡಿ ಕೊನೆಗೆ 19 ಎಂಬ ಸಂಖ್ಯೆ ಕೈಗೆ ಸಿಕ್ಕಿತು. 19 ವರ್ಷ ಅಂದರೆ ಹೆಚ್ಚು ಕಡಿಮೆ 6,939.6 ದಿನ. ಚಂದ್ರನ 235 ತಿಂಗಳು ಅಂದರೆ 6,939.7 ದಿನ. ವ್ಯತ್ಯಾಸ ಬರೀ ಎರಡು ಗಂಟೆ. ನನ್ನ ಯಾವ ಟ್ರಯಲ್ ಬ್ಯಾಲೆನ್ಸೂ ಮೊದಲ ಸಲಕ್ಕೆ ಇಷ್ಟು ಹತ್ತಿರ ಬರುವುದಿಲ್ಲ. 19 ವರ್ಷದಲ್ಲಿ 7 ಅಧಿಕ ತಿಂಗಳು ಹಾಕಿದರೆ ಆಯಿತು. ಕ್ರಿ.ಪೂ. 4ನೇ ಶತಮಾನದ ಹೊತ್ತಿಗೆ ಬ್ಯಾಬಿಲೋನಿನಲ್ಲಿ ಇದು ಗಟ್ಟಿಯಾಗಿತ್ತು, ರಾಜನ ಪತ್ರಕ್ಕೆ ಕಾಯುವ ಕೆಲಸ ಇರಲಿಲ್ಲ. ಯಹೂದಿಗಳ ಪಂಚಾಂಗ ಇವತ್ತಿಗೂ 19ರ ಲೆಕ್ಕದಲ್ಲೇ ನಡೆಯುತ್ತದೆ, ನಿಸಾನ್, ತಿಶ್ರಿ ಎಂಬ ಹೆಸರುಗಳೂ ಬ್ಯಾಬಿಲೋನಿನವೇ.

ನಮ್ಮ ಅಧಿಕ ಮಾಸದ ದಾರಿ ಬೇರೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯೊಳಗೆ ಸೂರ್ಯ ರಾಶಿ ದಾಟದಿದ್ದರೆ ಆ ತಿಂಗಳು ಅಧಿಕ. ಆದರೆ ಸೂರ್ಯ ಚಂದ್ರರು ಎಲ್ಲರಿಗೂ ಅವರೇ ತಾನೇ? 2023ರಲ್ಲಿ ಅಧಿಕ ಶ್ರಾವಣ ಬಂದಾಗ ನಮ್ಮವ್ವ "ಅಳಿಯಾರಿಗೆ ಅನಾರಸ ಕೊಡಬೇಕಲ್ಲವಾ" ಎಂದು ಅಕ್ಕಿ ನೆನೆಹಾಕಿದ್ದಳು. 33 ಅನಾರಸ, ಒಂದು ಕಡಿಮೆ ಆಗುವಂತಿಲ್ಲ. ಹಳೆಯ ಪಂಚಾಂಗಗಳನ್ನು ಅವ್ವ ರದ್ದಿಗೆ ಹಾಕುವುದಿಲ್ಲ, ಹಾಗಾಗಿ ಸುಮ್ನೆ 2004ರದ್ದನ್ನು ತೆಗೆದು ನೋಡಿದೆ. ಆಗಲೂ ಅಧಿಕ ಶ್ರಾವಣವೇ. ಎರಡೂ ಸಲ ಜುಲೈ 18ಕ್ಕೆ ಶುರು, ಆಗಸ್ಟ್ 16ಕ್ಕೆ ಮುಗಿತಾಯ. ಒಂದು ದಿನವೂ ಆಚೀಚೆ ಇಲ್ಲ.

2026ರ ಅಧಿಕ ಜ್ಯೇಷ್ಠ ಮೇ 17ರಿಂದ. ನಿಮ್ಮ ಮನೆಯಲ್ಲಿ 2007ರ ಪಂಚಾಂಗ ಉಳಿದಿದ್ದರೆ ಮೇ ತಿಂಗಳ ಪುಟ ತೆಗೆದು ನೋಡಿ.