‘ನಿಂಗೆ ಬೇಕಿದ್ರೆ ಮಾಡಪ್ಪ’

ಮೊನ್ನೆ ಶಿಫ್ಟ್ ಹ್ಯಾಂಡೋವರ್ ಮುಗಿಯುತ್ತಿದ್ದಂತೆ ಹೊಸ ಟ್ರೈನಿಯೊಬ್ಬರು ನಿವಾಸಿಯೊಬ್ಬರ ಫೇಸ್ ಶೀಟ್ (ಅಡ್ಮಿಶನ್ ವೇಳೆ ತುಂಬುವ ವಿವರಗಳ ಹಾಳೆ) ತೋರಿಸಿ, “ಧರ್ಮದ ಕಾಲಂ ತುಂಬಿದ್ದಾರೆ, ಪ್ರಾರ್ಥನೆ ಮಾಡಿಸಬಹುದಲ್ವಾ?” ಎಂದು ಕೇಳಿದರು. ಎದೆ ಧಸಕ್ಕೆಂದಿತು. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ.

ಆಗ ನನ್ನದು ಸಿಪಿಇ (ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್) ತರಬೇತಿಯ ಮೊದಲ ಯೂನಿಟ್. 400 ಗಂಟೆಯಲ್ಲಿ ಅರ್ಧ ಕಳೆದಿತ್ತು. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಚಾಪ್ಲಿನ್, ಅಂದರೆ ರೋಗಿಗಳಿಗೆ ಆಧ್ಯಾತ್ಮಿಕ ಆಸರೆಯಾಗುವವರ, ತರಬೇತಿ. ಗುಣಪಡಿಸುವ ಚಿಕಿತ್ಸೆ ಬಿಟ್ಟು ಸಂಕಟ ತಗ್ಗಿಸುವುದಷ್ಟೇ ಗುರಿಯಾದ ಕಂಫರ್ಟ್ ಕೇರ್‌ಗೆ ಬದಲಾಗಿದ್ದ ನಿವೃತ್ತ ಮೇಷ್ಟ್ರೊಬ್ಬರ ಕೋಣೆಗೆ ಪ್ರಾರ್ಥನೆ ಪುಸ್ತಕ ಹಿಡಿದು ಹೋದೆ. ಅವರು ಹೊದಿಕೆಯ ಅಂಚನ್ನು ಮಡಚುತ್ತಿದ್ದರು, ಬಿಡಿಸುತ್ತಿದ್ದರು, ಮತ್ತೆ ಮಡಚುತ್ತಿದ್ದರು. ಎರಡು ಮಾತಾಡಿದ ಮೇಲೆ ನನಗೆ ಮುಂದೇನೂ ತೋಚಲಿಲ್ಲ. “ಮೇಷ್ಟ್ರೇ, ಪ್ರಾರ್ಥನೆ ಮಾಡೋಣ್ವಾ?” ಅಂದೆ.

ಅವರು ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. “ನಿಂಗೆ ಬೇಕಿದ್ರೆ ಮಾಡಪ್ಪ.”

ಮಾಡಿದೆ. ಪೂರ್ತಿ ಐದು ನಿಮಿಷ. ಅವರು ಕಣ್ಣು ಮುಚ್ಚಿದರು. ಮಡಚುತ್ತಿದ್ದ ಬೆರಳು ನಿಂತು, ಹೊದಿಕೆ ಮುಷ್ಟಿಯೊಳಗೆ ಸೇರಿತು. ಕಣ್ಣಾರೆ ಕಂಡರೂ ಅದನ್ನು ಭಕ್ತಿ ಎಂದುಕೊಂಡೆ. ‘ಪ್ರಾರ್ಥನೆ ನೆರವೇರಿತು, ನಿವಾಸಿ ಶಾಂತವಾಗಿ ಸ್ವೀಕರಿಸಿದರು’ ಎಂದು ಚಾರ್ಟ್ ಮಾಡಿ ಮನೆಗೆ ಹೋದೆ.

ಭೇಟಿಯ ಮಾತುಗಳನ್ನು ಇದ್ದ ಹಾಗೇ ಬರೆದು ಗುಂಪಿನಲ್ಲಿ ಚರ್ಚಿಸುವುದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ಆ ವಾರದ ವರ್ಬೇಟಿಮ್‌ಗೆ ಇದೇ ಭೇಟಿಯನ್ನು ಒಯ್ದೆ. ಸೂಪರ್‌ವೈಸರ್ ಆ ಒಂದು ಸಾಲಿಗೆ ಬೆರಳಿಟ್ಟು, “ಇದನ್ನ ಯಾವ ದನೀಲಿ ಹೇಳಿದ್ರು? ಹಾಗೇ ಹೇಳಿ ನೋಡೋಣ” ಎಂದರು. ಹೇಳಲು ಹೊರಟವನಿಗೆ ಅರ್ಧದಲ್ಲೇ ಗಂಟಲು ಕಟ್ಟಿತು. ಹಠ ಹಿಡಿದ ಮಗುವಿಗೆ ಮನೆಯ ಹಿರಿಯರು ಸೋತುಕೊಡುತ್ತಾರಲ್ಲ, ಆ ದನಿ. ಸಾಯುತ್ತಿದ್ದ ಮನುಷ್ಯ ಆ ಹೊತ್ತು ನನ್ನನ್ನು ಸಂಭಾಳಿಸಿದ್ದರು. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಆ ಎರಡು ಮೂರು ನಿಮಿಷ ಇವತ್ತಿಗೂ ಮೈಮೇಲೆ ಇದೆ.

1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ದೇವತಾಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಬಗೆಯ ತರಬೇತಿ ಆರಂಭಿಸಿದ ಆಂಟನ್ ಬೋಯ್ಸನ್, ಅದಕ್ಕೂ ಮೊದಲು ತಾವೇ ಮಾನಸಿಕ ರೋಗಿಯಾಗಿ ಆಸ್ಪತ್ರೆ ಸೇರಿದ್ದವರು. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಎದುರಿಗಿರುವ ಮನುಷ್ಯನನ್ನು ಓದಬೇಕು ಎಂಬುದು ಅವರ ಹಟ. ಇದನ್ನೆಲ್ಲ ಪ್ರಬಂಧದಲ್ಲಿ ಚೆನ್ನಾಗಿ ಬರೆದಿದ್ದ ನಾನು, ಕೋಣೆಯಲ್ಲಿ ಓದಿದ್ದು ಫೇಸ್ ಶೀಟನ್ನು.

ಆ ಕಾಲಂ ತುಂಬುವವರಾದರೂ ಯಾರು? ಅಡ್ಮಿಶನ್ ದಿನದ ಗಡಿಬಿಡಿಯಲ್ಲಿ ಮಗನೋ ಮಗಳೋ. ಮಲಗಿರುವವರನ್ನು ಒಂದು ಮಾತು ಕೇಳಿ ಎಂದು ಎಷ್ಟು ಮೀಟಿಂಗ್‌ನಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಭೇಟಿಗಳನ್ನು ದಾಖಲಿಸುವ ಸಾಫ್ಟ್‌ವೇರ್‌ನದೂ ಅದೇ ಕಥೆ. ‘ಪ್ರಾರ್ಥನೆ’, ‘ಗ್ರಂಥಪಠಣ’, ‘ಕುಟುಂಬದ ಭೇಟಿ’ ಎಂಬ ಡಬ್ಬಿಗಳಿವೆ. ಸುಮ್ಮನೆ ಜೊತೆಗೆ ಕೂತಿದ್ದಕ್ಕೆ ಇಲ್ಲ. ಅದು ‘ಇತರೆ’ಗೆ ಹೋಗುತ್ತದೆ. ತಿಂಗಳ ಕೊನೆಗೆ ಮ್ಯಾನೇಜ್‌ಮೆಂಟ್ ‘ಇತರೆ’ ಯಾಕೆ ಇಷ್ಟೊಂದು ಎಂದು ಕೇಳುತ್ತದೆ. ಟ್ರೈನಿಗಳು ಡಬ್ಬಿ ಇರುವ ಕೆಲಸವನ್ನೇ ಮಾಡಲು ಕಲಿಯುತ್ತಾರೆ.

ಆ ವರ್ಬೇಟಿಮ್ ಆದ ಮರುದಿನ ಮೇಷ್ಟ್ರ ಕೋಣೆಗೆ ಬರಿಗೈಯಲ್ಲಿ ಹೋದೆ. “ಮೇಷ್ಟ್ರೇ, ಅವತ್ತು ನಿಮಗೇನು ಬೇಕು ಅಂತ ಕೇಳಲೇ ಇಲ್ಲ. ತಪ್ಪಾಯ್ತು.” ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಕೂತ್ಕೋ. ಅದನ್ನ ಬರೆಸಿದ್ದು ನನ್ನ ಮಗ. ನಾನು ಅದೆಲ್ಲ ಬಿಟ್ಟು ಕಾಲ ಆಯ್ತು” ಎಂದರು. ಮತ್ತೆ ಮೌನ. ಮಡಚುವುದು, ಬಿಡಿಸುವುದು. ಬಾಯಿ ತೆರೆಯಬಾರದೆಂದು ನಾಲಿಗೆ ಕಚ್ಚಿ ಹಿಡಿದಿದ್ದೆ.

“ಕೊನೇಲಿ ಉಸಿರು ಕಟ್ಟುತ್ತಾ?”

ಅಷ್ಟು ದಿನ ಅವರೊಳಗೆ ಇದ್ದದ್ದು ಈ ಪ್ರಶ್ನೆ. ಉತ್ತರ ನನ್ನ ಹತ್ತಿರ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವರ ಒಪ್ಪಿಗೆ ಪಡೆದು ನರ್ಸನ್ನು ಕರೆತಂದೆ. ಆಕೆ ಮಂಚದ ಪಕ್ಕ ಕುಳಿತು, ಏದುಸಿರಿನ ಸಂಕಟ ತಗ್ಗಿಸಲು ಸಣ್ಣ ಪ್ರಮಾಣದ ಮಾರ್ಫಿನ್ ಕೊಡುತ್ತಾರೆಂದೂ ರಾತ್ರಿಯಾದರೂ ಬೆಲ್ ಒತ್ತಿದರೆ ಬರುವವರಿದ್ದಾರೆಂದೂ ಬಿಡಿಸಿ ಹೇಳಿದರು. ಮೇಷ್ಟ್ರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಮುಷ್ಟಿಯಿಂದ ಹೊದಿಕೆ ಜಾರಿತು.

ಚಾರ್ಟ್‌ನಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ, ಅಡೆಂಡಮ್ ಸೇರಿಸಬಹುದು ಅಷ್ಟೇ. ಆ ಸಂಜೆ ಹಳೆಯ ಸಾಲಿನ ಕೆಳಗೆ ಸೇರಿಸಿದೆ: ‘ನಿವಾಸಿ ಪ್ರಾರ್ಥನೆ ಕೇಳಿರಲಿಲ್ಲ.’